ದಾರಿ ಸುಲಭ, ನೀರು ಸುಲಭವಲ್ಲ

ಮಳೆಗಾಲ ಮೊದಲಾಗುತ್ತಿದ್ದಂತೆ ನಮ್ಮ ಘಟ್ಟದ ಜಲಪಾತಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಚಿತ್ರದ ಅಡಿಯಲ್ಲಿ ಸಾಮಾನ್ಯವಾಗಿ ಇಂಥದೊಂದು ಒಕ್ಕಣೆ ಇರುತ್ತದೆ: "ಒಂದೇ ದಿನದ ಸುಲಭ ಚಾರಣ. ಮೂರು ಕಿಲೋಮೀಟರ್ ಕಾಡಿನ ನಡಿಗೆ. ಮಕ್ಕಳೂ ಬರಬಹುದು." ಉತ್ತರ ಕನ್ನಡದ ಘಟ್ಟದ ಮೇಲಿನ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನದ ಪಾಠ ಹೇಳಿ, ಹೆಚ್ಚುಕಡಿಮೆ ಪ್ರತಿವರ್ಷವೂ ಒಂದಲ್ಲ ಒಂದು ಅಬ್ಬಿಗೆ ಮಕ್ಕಳನ್ನು ನಡೆಸಿಕೊಂಡು ಹೋಗಿ, ಹೋದಷ್ಟೇ ತಲೆಗಳನ್ನು ಎಣಿಸಿ ಮರಳಿ ತಂದೊಪ್ಪಿಸಿದ ನನಗೆ, ಈ ಒಕ್ಕಣೆಯ 'ಸುಲಭ' ಎಂಬ ಶಬ್ದದ ಮೇಲೆ ಬಲವಾದ ತಕರಾರಿದೆ.

ಅಬ್ಬಿಗೆ ಹೋಗಲೇಬೇಡಿ ಎನ್ನುವವರ ಗುಂಪಿಗೆ ಸೇರಿದವನು ನಾನಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಆ ಗುಂಪಿನೊಡನೆಯೂ ನನಗೆ ಜಗಳವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ 'ಸುಲಭ' ಎಂಬ ತೀರ್ಪನ್ನು ಕೊಡುವವರು ಯಾವುದನ್ನು ಅಳೆದು ಕೊಡುತ್ತಾರೆ ಎಂಬುದನ್ನು ವಿಚಾರಿಸೋಣ. ದಾರಿ ಎಷ್ಟು ಉದ್ದ, ಏರು ಎಷ್ಟು, ಕಲ್ಲು ಕೊರಕಲು ಎಷ್ಟು, ವಾಹನ ಎಲ್ಲಿಯವರೆಗೆ ಹೋಗುತ್ತದೆ ಎಂಬಿವು ಅವರ ಅಳತೆಗೋಲು. ಇವೆಲ್ಲವೂ ದಾರಿಯ ಗುಣಗಳು. ನೀರಿನ ಸದ್ದು ಕೇಳಿಸಿ, ಮರಗಳ ಸಂದಿಯಲ್ಲಿ ಬಿಳಿಯ ಧಾರೆ ಕಾಣಿಸಿದ ಕೂಡಲೇ ಇವರ ಅಳತೆ ಮುಗಿದುಹೋಗುತ್ತದೆ. ಅಪಾಯ ಆರಂಭವಾಗುವುದು ಅಲ್ಲಿಂದಲೇ. ಮೂರು ಕಿಲೋಮೀಟರಿನ ದಾರಿಯಲ್ಲಿ ಆಗುವುದು ಹೆಚ್ಚೆಂದರೆ ಕಾಲು ಉಳುಕು, ಮೊಣಕಾಲಿನ ತರಚು ಗಾಯ, ಉಂಬಳ ಕಚ್ಚಿದ ತುರಿಕೆ. ಪ್ರಾಣ ಹೋಗುವುದು ಆ ಮೂರು ಕಿಲೋಮೀಟರ್ ಮುಗಿದ ಮೇಲಿನ ಮೂವತ್ತು ಹೆಜ್ಜೆಗಳಲ್ಲಿ. ನಾವು ದಾರಿಗೆ ಯೋಜನೆ ಹಾಕುತ್ತೇವೆ, ನೀರನ್ನು ಯೋಜನೆಯಿಂದ ಹೊರಗಿಡುತ್ತೇವೆ. ನನ್ನ ಆಕ್ಷೇಪಣೆಯೆಲ್ಲ ಇಷ್ಟೇ.

2023ರ ಜುಲೈ ತಿಂಗಳಿನಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿ ಜಲಪಾತದಲ್ಲಿ ನಡೆದುದನ್ನು ಓದುಗರಲ್ಲಿ ಅನೇಕರು ಮೊಬೈಲಿನಲ್ಲಿಯೇ ನೋಡಿರುತ್ತೀರಿ. ಬಂಡೆಯ ಮೇಲೆ ನಿಂತು ನೀರನ್ನು ನೋಡುತ್ತಿದ್ದ ತರುಣನೊಬ್ಬ ಕಾಲು ಜಾರಿ ಕ್ಷಣಾರ್ಧದಲ್ಲಿ ಕಣ್ಮರೆಯಾದ. ಶವ ಸಿಕ್ಕಿದ್ದು ಸುಮಾರು ಒಂದು ವಾರದ ನಂತರ. ಆತ ದಾರಿ ತಪ್ಪಿರಲಿಲ್ಲ, ದಣಿದು ಬಿದ್ದಿರಲಿಲ್ಲ. ಮರುವರ್ಷ, 2024ರ ಜೂನ್ 30ರಂದು, ಮಹಾರಾಷ್ಟ್ರದ ಲೋನಾವಳದಲ್ಲಿ ಭೂಶಿ ಅಣೆಕಟ್ಟಿನ ಹಿಂಬದಿಯ ಝರಿಯೊಂದರಲ್ಲಿ ವಿಹಾರಕ್ಕೆ ಬಂದಿದ್ದ ಕುಟುಂಬವೊಂದು ಏರುತ್ತಿದ್ದ ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿತ್ತು. ಅವರಲ್ಲಿ ಐವರು ಕೊಚ್ಚಿಹೋದರು. ಆ ಐವರಲ್ಲಿ ನಾಲ್ವರು ಮಕ್ಕಳು. ಅಲ್ಲಿಗೆ ಹೋಗುವ ದಾರಿಯೂ ಯಾರ ಲೆಕ್ಕದಲ್ಲಿಯೂ ಕಠಿಣವಾದುದಲ್ಲ. ಎರಡು ಪ್ರಸಂಗಗಳಲ್ಲಿಯೂ ದಾರಿ ಸುಲಭವಾಗಿಯೇ ಇತ್ತು.

ನೀರು ಏಕೆ ಸುಲಭವಲ್ಲ ಎಂಬುದಕ್ಕೆ ಪ್ರೌಢಶಾಲೆಯ ಗಣಿತ ಸಾಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರಿನಲ್ಲಿ ಹತ್ತು ಲಕ್ಷ ಚದರ ಮೀಟರುಗಳಿವೆ. ಅಂದಮೇಲೆ ಅಷ್ಟು ಜಾಗದಲ್ಲಿ ಕೇವಲ 10 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಒಂದು ಕೋಟಿ ಲೀಟರ್. ಘಟ್ಟದ ಸಣ್ಣದೊಂದು ಹಳ್ಳಕ್ಕೂ ಹಲವಾರು ಚದರ ಕಿಲೋಮೀಟರುಗಳ ಜಲಾನಯನ ಪ್ರದೇಶ ಇರುತ್ತದೆ. ನೆಲ ಮೊದಲೇ ನೆನೆದು ತಣಿದಿದ್ದರೆ ಈ ನೀರಿನ ಬಹುಪಾಲು ಇಂಗುವುದಿಲ್ಲ. ಇಳಿಜಾರಿನಲ್ಲಿ ಒಟ್ಟುಗೂಡಿ, ಅಬ್ಬಿ ಎಂಬ ಒಂದೇ ಬಾಗಿಲಿನಿಂದ ಹೊರಬೀಳಬೇಕು. ಆ ಬಾಗಿಲಿನ ಕೆಳಗೆ ಕುಳಿತು ಅವಲಕ್ಕಿ ತಿನ್ನುತ್ತಿರುವವನ ತಲೆಯ ಮೇಲೆ ಆಕಾಶ ನಿರ್ಮಲವಾಗಿರಬಹುದು. ಮಳೆ ಬಿದ್ದದ್ದು ಅವನಿಗೆ ಕಾಣದ ಗುಡ್ಡದ ಆಚೆಗೆ.

ಇನ್ನೊಂದು ಲೆಕ್ಕವಿದೆ. ಹರಿಯುವ ನೀರು ನಮ್ಮ ಕಾಲಿನ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬರುವಾಗ ಮೊಣಕಾಲುಮಟ್ಟದ ನೀರನ್ನು ನಗುತ್ತ ದಾಟಿದವನಿಗೆ, ಹಿಂದಿರುಗುವಾಗ ಅದೇ ಮಟ್ಟದ ನೀರಿನಲ್ಲಿ ನಿಲ್ಲಲಾಗದಿರುವುದು ಈ ಕಾರಣಕ್ಕೆ. ಆಳದ ವಿಷಯವೂ ಹಾಗೆಯೇ. ಬೆಳಕಿನ ವಕ್ರೀಭವನದಿಂದಾಗಿ, ಮೇಲಿನಿಂದ ನೇರವಾಗಿ ನೋಡುವವನಿಗೆ ನಾಲ್ಕು ಅಡಿಯ ನೀರು ಮೂರು ಅಡಿಯಂತೆ ಕಾಣುತ್ತದೆ. ಧುಮುಕುವ ನೀರಿನ ಬುಡದಲ್ಲಿ ನೊರೆಯೊಡನೆ ಗಾಳಿ ಬೆರೆತಿರುವುದರಿಂದ, ಈಜು ಬಲ್ಲವನನ್ನೂ ಅದು ಸಾಮಾನ್ಯ ನೀರಿನಂತೆ ತೇಲಿಸುವುದಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಕ್ರೀಭವನದ ಪ್ರಶ್ನೆಗೆ ಪೂರ್ಣ ಅಂಕ ಪಡೆದ ಹುಡುಗರೇ ಅಬ್ಬಿಯ ಗುಂಡಿಯ ಮುಂದೆ ನಿಂತಾಗ ಅದನ್ನು ಮರೆತುಬಿಡುತ್ತಾರೆ. ನಾವು ಅದನ್ನು ಕರಿಹಲಗೆಯ ಮೇಲೆ ಮಾತ್ರ ಕಲಿಸಿದ್ದರ ಫಲ ಇದು.

ಪುಸ್ತಕದಲ್ಲಿಲ್ಲದ ಪಾಠವನ್ನು ನನಗೆ ಹೇಳಿಕೊಟ್ಟವರು ಹಳ್ಳಿಯ ಜನ. ಹಲವು ವರ್ಷಗಳ ಹಿಂದೆ, ದಸರೆಯ ರಜೆ ಮುಗಿದ ಮೇಲಿನ ಒಂದು ಶನಿವಾರ, ನಲವತ್ತೆರಡು ಮಕ್ಕಳೊಡನೆ ಸಮೀಪದ ಅಬ್ಬಿಯೊಂದಕ್ಕೆ ಹೋಗಿದ್ದೆವು. ನಮ್ಮ ರೂಢಿಯಂತೆ ಆ ಊರಿನ ಕೃಷಿಕರೊಬ್ಬರನ್ನು ಜೊತೆಗೆ ಕರೆದುಕೊಂಡಿದ್ದೆವು. ಮಕ್ಕಳು ಹಳ್ಳದ ಅಂಚಿನ ಹಾಸುಗಲ್ಲಿನ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದರು. ಬಿಸಿಲು ಚೆನ್ನಾಗಿಯೇ ಇತ್ತು. ಎಲೆ ಅಡಿಕೆ ಹಾಕಿಕೊಳ್ಳುತ್ತ ನೀರನ್ನೇ ನೋಡುತ್ತಿದ್ದ ಆ ಹಿರಿಯರು ಎದ್ದು ನಿಂತು, "ಮಾಸ್ತರೇ, ನೀರಿನ ಬಣ್ಣ ತಿರುಗಿತು. ಮಕ್ಕಳನ್ನು ಎಬ್ಬಿಸಿ" ಎಂದರು. ಊಟ ಅರ್ಧವಾಗಿದೆ, ಹತ್ತು ನಿಮಿಷ ತಡೆಯಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. "ಊಟ ಮೇಲೆ ಮಾಡಬಹುದು" ಎಂದಷ್ಟೇ ಹೇಳಿ ಅವರು ಚಿಕ್ಕ ಮಕ್ಕಳ ಕೈಹಿಡಿದು ಏರು ಹತ್ತತೊಡಗಿದರು. ತಿಳಿನೀರು ಚಹದ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಕಡ್ಡಿಗಳು ತೇಲಿ ಬರುತ್ತಿದ್ದವು. ಅರ್ಧ ಗಂಟೆಯ ನಂತರ ಮೇಲಿನ ದರೆಯಿಂದ ನೋಡಿದಾಗ ಮಕ್ಕಳು ಕುಳಿತಿದ್ದ ಹಾಸುಗಲ್ಲು ಇರುವ ಜಾಗವೇ ತಿಳಿಯುತ್ತಿರಲಿಲ್ಲ. ಮೂಡಣ ದಿಕ್ಕಿನ ಗುಡ್ಡದಲ್ಲಿ ಗುಡುಗು ಮಳೆ ಹೊಯ್ದಿತ್ತು. ಆ ಹಿರಿಯರು ಕೊನೆಯವರೆಗೂ ಅದನ್ನೊಂದು ದೊಡ್ಡ ಸಂಗತಿಯೆಂದು ಭಾವಿಸಲಿಲ್ಲ. ಹಳ್ಳದ ಪಕ್ಕದಲ್ಲಿ ಗದ್ದೆ ಮಾಡುವವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ ಎಂಬುದು ಅವರ ಭಾವವಾಗಿತ್ತು.

ಈಗಿನ ಯೋಜನೆಗಳಲ್ಲಿ ಇಂಥ ಒಬ್ಬ ಮನುಷ್ಯನಿಗೆ ಸ್ಥಳವೆಲ್ಲಿದೆ? ಪರಿಚಿತರೊಬ್ಬರು ತಮ್ಮ ವಸತಿ ಸಮುಚ್ಚಯದ ಬಳಗದ 'ಪ್ಲಾನ್' ಒಂದನ್ನು ಅಭಿಮಾನದಿಂದ ನನಗೆ ಕಳುಹಿಸಿದ್ದರು. ಬೂಟು, ಟೊಪ್ಪಿಗೆ, ಒಣಹಣ್ಣು, ಪವರ್ ಬ್ಯಾಂಕ್, ಹಾಡು ಹಾಕಲು ಸ್ಪೀಕರ್, ಬದಲಿ ಬಟ್ಟೆ, ಬೆಂಗಳೂರಿನಿಂದ ಬಸ್ಸು ಹೊರಡುವ ಸಮಯ, ದಾರಿಯಲ್ಲಿ ತಿಂಡಿಗೆ ನಿಲ್ಲುವ ಹೋಟೆಲು, ಎಲ್ಲವೂ ಅದರಲ್ಲಿತ್ತು. "ಬೆಳಿಗ್ಗೆ 11: ಜಲಪಾತ ತಲುಪುವುದು" ಎಂಬಲ್ಲಿಗೆ ವಿವರ ನಿಲ್ಲುತ್ತಿತ್ತು, ನಂತರದ ಸಾಲು "ಸಂಜೆ 4: ಹಿಂದಿರುಗುವುದು." ನಡುವಿನ ಐದು ಗಂಟೆಗಳ ಬಗ್ಗೆ ಒಂದಕ್ಷರವಿಲ್ಲ. ಯಾರು ಎಣಿಸುತ್ತಾರೆ, ಯಾವ ಬಂಡೆಯಿಂದ ಮುಂದೆ ಹೋಗಬಾರದು, ನೀರು ಏರಿದರೆ ಯಾವ ಕಡೆಗೆ ಹತ್ತಬೇಕು, ಸಾಕು ಎಂದು ಹೇಳುವ ಅಧಿಕಾರ ಯಾರದು ಎಂಬ ಯಾವ ಪ್ರಶ್ನೆಯೂ ಅಲ್ಲಿರಲಿಲ್ಲ. ಇದು ಪ್ರಯಾಣದ ವೇಳಾಪಟ್ಟಿಯೇ ಹೊರತು ಅಬ್ಬಿಯ ಯೋಜನೆಯಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ಟೀಕೆ ಮಾಡುವವನಿಗೆ ಇದನ್ನು ಹೇಳುವ ಹೊಣೆಯೂ ಇದೆ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿಯ ಉಂಚಳ್ಳಿ ಜಲಪಾತವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅಘನಾಶಿನಿ ನದಿ ಇಲ್ಲಿ 116 ಮೀಟರ್ ಆಳಕ್ಕೆ ಧುಮುಕುತ್ತದೆ. ಶಿರಸಿಯಿಂದ ಸುಮಾರು 35 ಕಿಲೋಮೀಟರ್ ದೂರ. ಲುಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1845ರಲ್ಲಿ ಇದನ್ನು 'ಕಂಡುಹಿಡಿದ'ನೆಂದು ಪುಸ್ತಕಗಳಲ್ಲಿ ಬರೆದಿದ್ದಾರೆ. ಅವನಿಗಿಂತ ಮೊದಲೇ ಅದರ ಸದ್ದನ್ನು ಕೇಳಿಕೊಂಡು ಬಾಳಿದ ಜನ ಅದಕ್ಕೆ ಇಟ್ಟುಕೊಂಡ ಹೆಸರು ಕೆಪ್ಪ ಜೋಗ. ಅಧಿಕಾರಿಯ ಹೆಸರಿನಿಂದ ನಮಗೆ ಏನೂ ತಿಳಿಯುವುದಿಲ್ಲ. ಕೆಪ್ಪ ಜೋಗ ಎಂಬ ಹೆಸರಿನಲ್ಲಿ ಒಂದು ಎಚ್ಚರಿಕೆಯೇ ಇದೆ: ಇಲ್ಲಿ ಕಿವಿ ಕೆಲಸಕ್ಕೆ ಬಾರದು, ಕೂಗಿದರೆ ಕೇಳಿಸದು. ಆದ್ದರಿಂದ ಮಕ್ಕಳನ್ನು ಕೂಗಿ ಕರೆಯುವ ಭರವಸೆಯ ಮೇಲೆ ಬಿಡಬಾರದು. ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳಬೇಕು, ಕೊರಳಲ್ಲಿ ಸೀಟಿ ಇರಬೇಕು, ಒಂದು ಸೀಟಿಗೆ ಏನು, ಮೂರು ಸೀಟಿಗೆ ಏನು ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಮೊದಲನೆಯದಾಗಿ ಕಾಲ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗಿನ ಅವಧಿ, ಗದ್ದೆ ನಾಟಿಗೆ ಇರುವ ಕಾಲ. ಅಬ್ಬಿಗೆ ಹೋಗುವ ಕಾಲವಲ್ಲ. ಆ ದಿನಗಳಲ್ಲಿ ಅಬ್ಬಿಯ ಮಾತಿರಲಿ, ಅಲ್ಲಿಗೆ ಹೋಗುವ ರಸ್ತೆಯನ್ನೇ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದವರನ್ನು ನದಿಗೆ ತಳ್ಳಿದ್ದನ್ನು ನಾವು ಮರೆಯಬಾರದು. ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ, ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಸ್ವಾತಿ ಕಳೆದ ಮೇಲೆ, ನವೆಂಬರ್ ಎರಡನೆಯ ವಾರದ ನಂತರ, ನೀರು ತಿಳಿಯಾಗುತ್ತದೆ, ಉಂಬಳದ ಕಾಟ ಇಳಿಯುತ್ತದೆ, ಧಾರೆಯಲ್ಲಿ ಇನ್ನೂ ಸಾಕಷ್ಟು ತುಂಬು ಇರುತ್ತದೆ. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಮತ್ತೊಂದು ಚಿಂತೆ: ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಈ ತಿಂಗಳುಗಳಲ್ಲಿಯೇ ಅದರ ಹಾವಳಿ ಹೆಚ್ಚು. ಹತ್ತಿರದಲ್ಲಿ ಎಲ್ಲಿಯಾದರೂ ಮಂಗ ಸತ್ತಿದೆಯೇ ಎಂದು ಊರಿನವರನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳದೆ ಆ ದಿನಗಳಲ್ಲಿ ಕಾಡಿಗೆ ಕಾಲಿಡಬಾರದು. ಹೀಗೆ ಕಳೆದು ನೋಡಿದರೆ ವರ್ಷದಲ್ಲಿ ನಿಜವಾಗಿ 'ಸುಲಭ' ಎನ್ನಬಹುದಾದ ವಾರಗಳು ಮೂರೋ ನಾಲ್ಕೋ ಮಾತ್ರ. ಆ ವಾರಗಳಿಗಾಗಿ ಕಾಯುವುದು ಯೋಜನೆಯ ಮೊದಲ ಹೆಜ್ಜೆ.

ಎರಡನೆಯದು ಗಡಿಯಾರ. ನಡಿಗೆಯ ಸಮಯವನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟಿದ್ದಾನೆ. ಸ್ಥೂಲವಾಗಿ ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೂರು ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದಾದರೆ ಸುಮಾರು 66 ನಿಮಿಷ. ಇದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಮಕ್ಕಳು, ವಯಸ್ಸಾದವರು ಇದ್ದರೆ ಇಮ್ಮಡಿ ಮಾಡಿಕೊಳ್ಳುವುದು ನನ್ನ ರೂಢಿ. ಇದರೊಡನೆ ಇನ್ನೊಂದನ್ನು ನೆನಪಿಡಬೇಕು. ಬೆಟ್ಟಕ್ಕೆ ಹೋಗುವವನು ಹತ್ತಿ ಇಳಿಯುತ್ತಾನೆ. ಅಬ್ಬಿಯ ಬುಡಕ್ಕೆ ಹೋಗುವವನು ಇಳಿದು ಹತ್ತುತ್ತಾನೆ. ಹೋಗುವಾಗ ಹಗುರವೆನಿಸಿದ ದಾರಿಯನ್ನು, ದಣಿದ ಕಾಲುಗಳಲ್ಲಿ, ಒದ್ದೆ ಬಟ್ಟೆಯಲ್ಲಿ, ಹೊಟ್ಟೆ ತುಂಬಿದ ಮೇಲೆ ಹತ್ತಬೇಕು. 'ಸುಲಭ' ಎಂದು ಬರೆಯುವವರು ಇಳಿಯುವಾಗಿನ ಉಲ್ಲಾಸದಲ್ಲಿ ಬರೆದಿರುತ್ತಾರೆಂಬುದು ನನ್ನ ಗುಮಾನಿ. ಎಂಟು ಗಂಟೆಗೆ ನಡಿಗೆ ಆರಂಭಿಸಿ, ಹತ್ತರ ಸುಮಾರಿಗೆ ತಲುಪಿ, ಹನ್ನೆರಡಕ್ಕೆ ನೀರಿನ ಅಂಚನ್ನು ಬಿಟ್ಟು ಹೊರಟುಬಿಡಬೇಕು. ಆಗ ಮಧ್ಯಾಹ್ನದ ಗುಡುಗು ಬಂದರೂ ನಾವು ಮೇಲೆ ಇರುತ್ತೇವೆ. ಯಾರಿಗಾದರೂ ಕಾಲು ಉಳುಕಿದರೂ ಕತ್ತಲಾಗುವ ಮೊದಲು ಊರು ಸೇರುತ್ತೇವೆ. ಆಳವಾದ ಕಣಿವೆಯಲ್ಲಿ ಸೂರ್ಯ ಮುಳುಗುವ ಮೊದಲೇ ಕತ್ತಲಾಗುತ್ತದೆ.

ಮೂರನೆಯದು ಗಡಿ. ಉಂಚಳ್ಳಿಯಲ್ಲಿ ಮೆಟ್ಟಿಲಿಳಿದು ಕಟಕಟೆಯ ಒಳಗೆ ನಿಂತು ನೋಡುವುದು ಒಂದು; ಅಲ್ಲಿಂದ ಬುಡಕ್ಕೆ ಇಳಿಯುವುದು ಪೂರ್ತಿ ಬೇರೆಯೇ ಆದ ಇನ್ನೊಂದು. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಮೊದಲನೆಯದಕ್ಕೆ ಹೊರಟವರು ಎರಡನೆಯದರ ಆಸೆಗೆ ಬೀಳುತ್ತಾರೆ. ಎಲ್ಲಿಯವರೆಗೆ ಹೋಗುವುದು ಎಂಬುದನ್ನು ಮನೆಯಲ್ಲಿ ನಿರ್ಧರಿಸಬೇಕು, ಜಾಗದಲ್ಲಿ ಅಲ್ಲ. ಯಾವ ಅಬ್ಬಿಗೆ ಹೋದರೂ ನಮ್ಮ ಮಕ್ಕಳಿಗೆ ಇದ್ದ ನಿಯಮ ಒಂದೇ: ಒದ್ದೆಯಾದ ಬಂಡೆಗೆ ಕಾಲಿಡಬಾರದು. ಒಣಗಿದ ಬಂಡೆ ನೆಲ. ಒದ್ದೆ ಬಂಡೆ ನೀರು. ಅದರ ಮೇಲಿನ ಹಾವಸೆ ಕಣ್ಣಿಗೆ ಕಾಣದಷ್ಟು ತೆಳುವಾಗಿರಬಹುದು, ಜಾರುವುದಕ್ಕೆ ಅಷ್ಟೇ ಸಾಕು. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದರ ಏರಿಳಿತವನ್ನು ಮಳೆಯೊಂದೇ ನಿರ್ಧರಿಸುತ್ತದೆ. ಶರಾವತಿಯಂಥ ನದಿಯ ಪಾತ್ರದಲ್ಲಿ ಅಣೆಕಟ್ಟಿನಿಂದ ಬಿಡುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೋಗುವ ಹಳ್ಳದ ಮೇಲ್ಭಾಗದಲ್ಲಿ ಏನಿದೆ ಎಂಬುದನ್ನು ತಿಳಿಯದೆ ಅದರ ಕೆಳಭಾಗದಲ್ಲಿ ಕುಳಿತುಕೊಳ್ಳಬಾರದು.

ನಾಲ್ಕನೆಯದು ಮನುಷ್ಯರು. ಆ ಊರಿನ ಒಬ್ಬರು ಜೊತೆಗಿರಲಿ. ಅವರ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಾರಿಯ ಕೊನೆಯ ಮನೆಯಲ್ಲಿ ಹೇಳಿ ಹೋಗಿ, ಏಕೆಂದರೆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಗುಂಪಿನಲ್ಲಿ ಒಬ್ಬರ ಮಾತು ಕೊನೆಯ ಮಾತಾಗಿರಲಿ. ಅವರು ಸಾಕು ಎಂದರೆ ಸಾಕು. ಚರ್ಚೆ ಮನೆಗೆ ಬಂದ ಮೇಲೆ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಆನಂದವೆಲ್ಲಿ ಉಳಿಯಿತು, ಕಾಡಿಗೆ ಹೋಗುವುದೇ ಲೆಕ್ಕಗಳಿಂದ ತಪ್ಪಿಸಿಕೊಳ್ಳಲು ಅಲ್ಲವೇ ಎಂದು ತರುಣ ಓದುಗರು ಕೇಳಬಹುದು. ಮದುವೆಯ ಮನೆಯಲ್ಲಿ ಅಡುಗೆಯವರು ಎಷ್ಟು ಸೇರು ಅಕ್ಕಿ ಎಂದು ಲೆಕ್ಕ ಹಾಕಿದ್ದರಿಂದ ಊಟದ ರುಚಿ ಕೆಟ್ಟಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಲೆಕ್ಕ ಮೊದಲೇ ಮುಗಿದಿರುವುದರಿಂದಲೇ ಅತಿಥಿಗಳು ನಿಶ್ಚಿಂತೆಯಿಂದ ಉಣ್ಣುತ್ತಾರೆ. ನವೆಂಬರಿನ ಬೆಳಗಿನಲ್ಲಿ, ಎಳೆ ಬಿಸಿಲು ಉಂಚಳ್ಳಿಯ ತುಂತುರಿನ ಮೇಲೆ ಬಿದ್ದು ಕಾಮನಬಿಲ್ಲು ಮೂಡುವಾಗ, ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಬೆನ್ನ ಹಿಂದೆ ಯಾರು ಜಾರುತ್ತಾರೋ ಎಂಬ ಆತಂಕ ಇಲ್ಲದಿದ್ದುದರಿಂದ ನಾನೂ ಆ ಬಿಲ್ಲನ್ನು ನೋಡಲು ಸಾಧ್ಯವಾಯಿತು.

ಈಗ ಎರಡನೆಯ ಜಗಳಕ್ಕೆ ಬರುತ್ತೇನೆ. ಒಂದು ದುರಂತ ನಡೆದ ಕೂಡಲೇ ನಮ್ಮಲ್ಲಿ ಏಳುವ ಕೂಗು ಒಂದೇ: ನಿಷೇಧಿಸಿ, ಬೇಲಿ ಹಾಕಿ, ಮಕ್ಕಳನ್ನು ನೀರಿನ ಬಳಿಗೆ ಕರೆದೊಯ್ಯಲೇಬೇಡಿ. ಮಳೆಯ ತಿಂಗಳುಗಳಲ್ಲಿ ಜಿಲ್ಲಾಡಳಿತಗಳು ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸುವುದು ಸರಿಯಾದುದೇ. ಅದನ್ನು ಪಾಲಿಸದವರ ಪರವಾಗಿ ನಾನು ಒಂದು ಮಾತನ್ನೂ ಆಡಲಾರೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಾತ್ಕಾಲಿಕವಾಗಿ ತಡೆದು, ಅದೇ ವರ್ಷ 'ಅರಣ್ಯ ವಿಹಾರ' ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿದ್ದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಕಾಡಿಗೂ ಒಂದು ಸೈರಣೆಯ ಮಿತಿಯಿದೆ. ಆದರೆ ಟಿಕೆಟ್ಟು ಕಾಡಿನ ಬಾಗಿಲನ್ನು ತೆರೆಯಬಲ್ಲುದು. ಹಳ್ಳವನ್ನು ಓದುವುದನ್ನು ಕಲಿಸಲಾರದು.

ಶಿಕ್ಷೆಯೂ ಕಲಿಸಲಾರದು. 2023ರ ಜುಲೈಯಲ್ಲಿ ದೂಧಸಾಗರ ಜಲಪಾತ ನೋಡಲು ರೈಲು ಹಳಿಯ ಮೇಲೆ ನಡೆದುಹೋದ ತರುಣರಿಗೆ ರೈಲ್ವೆ ರಕ್ಷಣಾ ಪಡೆಯವರು ಬಸ್ಕಿ ಹೊಡೆಸಿದರು. ನಾಡಿಗೆ ನಾಡೇ ಅದನ್ನು ನೋಡಿ ನಕ್ಕಿತು. ಹಳಿಯ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ಅವರನ್ನು ತಡೆದದ್ದು ಸರಿ. ಆದರೆ ಬಸ್ಕಿಯಿಂದ ಬುದ್ಧಿ ಬರುವುದಾಗಿದ್ದರೆ ನಮ್ಮ ಕಾಲದ ಶಾಲೆಗಳಿಂದ ಬರಿಯ ಜ್ಞಾನಿಗಳೇ ಹೊರಬೀಳಬೇಕಾಗಿತ್ತು. ಶಿಕ್ಷೆಗೆ ಒಳಗಾದವನು ಕಲಿಯುವುದು ಮುಂದಿನ ಸಲ ಸಿಕ್ಕಿಬೀಳದಿರುವ ಉಪಾಯವನ್ನು ಮಾತ್ರ.

ನನಗೆ ಹೆಚ್ಚು ವ್ಯಥೆ ಕೊಟ್ಟಿರುವುದು ಶಾಲೆಗಳ ನಡೆ. ಮಲೆನಾಡಿನ ಮಡಿಲಲ್ಲೇ ಇರುವ ಒಂದು ಶಾಲೆಯಲ್ಲಿ ಈಗ ಕಾಡಿನ ನಡಿಗೆಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಹೊಣೆ ಯಾರು ಹೊರುತ್ತಾರೆ ಎಂಬುದು ಅವರ ಪ್ರಶ್ನೆ. ಅದರ ಬದಲಿಗೆ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ, ದೂರದ ನಗರದ ಮನೋರಂಜನಾ ಉದ್ಯಾನಕ್ಕೆ ಕರೆದೊಯ್ದು, ಕೊಳವೆಯಲ್ಲಿ ಬಂದ ನೀರಿನಲ್ಲಿ ಆಡಿಸಿ ಕರೆತರುತ್ತಾರೆ. ಅಲ್ಲಿಯ ನೀರು ಎಂದೂ ಬಣ್ಣ ತಿರುಗುವುದಿಲ್ಲ, ಎಂದೂ ಏರುವುದಿಲ್ಲ. ಜಾರುಬಂಡೆಯ ಕೊನೆಯಲ್ಲಿ ಕಾವಲುಗಾರ ನಿಂತಿರುತ್ತಾನೆ. ಶಾಲೆಯ ಮಟ್ಟಿಗೆ ಹೊಣೆ ತಪ್ಪಿತು. ಮಗುವಿನ ಮಟ್ಟಿಗೆ? ಅದೇ ಹುಡುಗ ಹದಿನೆಂಟು ತುಂಬಿ, ಕೈಗೆ ಬೈಕು ಬಂದ ಮೇಲೆ, ಯಾರನ್ನೂ ಕೇಳದೆ ಗೆಳೆಯರೊಡನೆ ಅಬ್ಬಿಗೆ ಹೋಗಿಯೇ ಹೋಗುತ್ತಾನೆ. ಧುಮುಕುವ ನೀರಿನ ಸೆಳೆತ ಮನುಷ್ಯನಿಗೆ ಹುಟ್ಟಿನಿಂದಲೇ ಇದೆ. ಯಾವ ಸುತ್ತೋಲೆಯೂ ಅದನ್ನು ರದ್ದು ಮಾಡಲಾರದು. ಆಗ ಅವನ ಬಳಿ ಇರುವ ನೀರಿನ ಅನುಭವ ಉದ್ಯಾನದ ನೀರಿನದು ಮಾತ್ರ. ಹನ್ನೆರಡನೆಯ ವಯಸ್ಸಿನಲ್ಲಿ, ಶಿಕ್ಷಕರ ಎದುರಿನಲ್ಲಿ, ದಂಡೆಯ ಮೇಲೆ ಕುಳಿತು ನೀರಿನ ಬಣ್ಣ ತಿರುಗುವುದನ್ನು ನೋಡಿದ್ದ ಹುಡುಗ ಇಪ್ಪತ್ತರಲ್ಲಿ ಬದುಕಿಕೊಳ್ಳುತ್ತಾನೆ ಎಂಬ ನನ್ನ ನಂಬಿಕೆಗೆ ಅಂಕಿ ಅಂಶಗಳ ಆಧಾರ ಕೊಡಲಾರೆ. ಆದರೆ ಆ ದಿನ ಹಾಸುಗಲ್ಲಿನಿಂದ ಎದ್ದು ಬಂದ ನಲವತ್ತೆರಡು ಮಕ್ಕಳಲ್ಲಿ ಕೆಲವರು ಇಂದಿಗೂ ಭೇಟಿಯಾದಾಗ ಮೊದಲು ನೆನೆಸಿಕೊಳ್ಳುವುದು ಆ ಚಹದ ಬಣ್ಣದ ನೀರನ್ನು. ನಾನು ಕಲಿಸಿದ ಆವರ್ತಕ ಕೋಷ್ಟಕವನ್ನು ಅವರಲ್ಲಿ ಯಾರೂ ನೆನೆಸಿಕೊಂಡಿಲ್ಲ.

ಆದ್ದರಿಂದ ನನ್ನ ವಿನಂತಿ ಮೂರು ಬಗೆಯ ಜನರಿಗೆ. ಹಣ ಪಡೆದು ಚಾರಣ ಏರ್ಪಡಿಸುವವರು 'ಸುಲಭ' ಎಂದು ಬರೆಯುವ ಮುನ್ನ ಯಾವ ತಿಂಗಳಿನಲ್ಲಿ, ಎಲ್ಲಿಯವರೆಗೆ, ಎಷ್ಟು ಗಂಟೆಯ ಒಳಗೆ ಸುಲಭ ಎಂಬುದನ್ನೂ ಬರೆಯಲಿ. ಜುಲೈ ತಿಂಗಳಿನ ಭಾನುವಾರಕ್ಕೆ ಮಕ್ಕಳೂ ಬರಬಹುದು ಎಂದು ಬರೆಯುವವರು ಅದನ್ನು ತಮ್ಮ ಮಕ್ಕಳ ಮುಖ ನೋಡಿ ಬರೆಯಲಿ. ಶಾಲೆಗಳ ಮುಖ್ಯಸ್ಥರು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಿನಲ್ಲಿ, ತಮ್ಮ ಸುತ್ತಮುತ್ತಲಿನ ಒಂದು ಹಳ್ಳದ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಿ; ನೀರಿಗೆ ಇಳಿಸುವುದು ಬೇಡ, ದಂಡೆಯಲ್ಲಿ ಕುಳ್ಳಿರಿಸಿ ನೀರನ್ನು ನೋಡುವುದನ್ನು ಕಲಿಸಿದರೆ ಸಾಕು. ಇನ್ನು ತಂದೆತಾಯಿಯರು. ಮಗ ಅಥವಾ ಮಗಳು ಗೆಳೆಯರೊಡನೆ ಅಬ್ಬಿಗೆ ಹೊರಟಾಗ ಬೇಡವೆನ್ನಬೇಡಿ, ಸುಮ್ಮನೆ ಹೂಂ ಎಂದೂ ಎನ್ನಬೇಡಿ. ಎಷ್ಟು ಹೊತ್ತಿಗೆ ನೀರಿನ ಅಂಚನ್ನು ಬಿಡುತ್ತೀರಿ, ಯಾವ ಕಲ್ಲಿನಿಂದ ಮುಂದೆ ಹೋಗುವುದಿಲ್ಲ, ಊರಿನ ಯಾರನ್ನು ಕರೆದುಕೊಳ್ಳುತ್ತೀರಿ, ಸಾಕು ಎನ್ನುವವರು ಯಾರು ಎಂದು ನಾಲ್ಕು ಪ್ರಶ್ನೆ ಕೇಳಿ. ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಬುತ್ತಿ ಕಟ್ಟಿಕೊಡಿ. ಉತ್ತರ ಸಿಗದಿದ್ದರೆ ಮುಂದಿನ ವಾರ ಹೋಗಲು ಹೇಳಿ. ಅಬ್ಬಿ ಅಲ್ಲಿಯೇ ಇರುತ್ತದೆ.